ಕೌಂಟ್ ಎಂಟು ಮಿಲಿಯನ್ ಬಂದಿದೆ, ಮುಂದೇನು?

ಪ್ರಶ್ನೆ: ನನಗೆ 33 ವರ್ಷ, ಹೆಂಡತಿಗೆ 27. ಊರು ಗದಗ-ಬೆಟಗೇರಿ. ಸ್ವಂತ ಮಿರ್ಚಿ ಬಜಿ ಅಂಗಡಿ ಇದೆ, ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ ಬಾಣಲಿ ಮುಂದೆ ನಿಂತಿರುತ್ತೇನೆ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಹೆಂಡತಿಗೆ ಎಲ್ಲ ಪರೀಕ್ಷೆ ಮಾಡಿಸಿದೆವು, ಎಲ್ಲವೂ ನಾರ್ಮಲ್. ಹೋದ ತಿಂಗಳು ಮೊದಲ ಸಲ ನನ್ನ ವೀರ್ಯ ಪರೀಕ್ಷೆ ಆಯಿತು. ಪ್ರಮಾಣ 2.5 ಎಂಎಲ್, ಕೌಂಟ್ 8 ಮಿಲಿಯನ್, ಮೋಟಿಲಿಟಿ 28 ಪರ್ಸೆಂಟ್. ಡಾಕ್ಟರು ಮುಟ್ಟಿ ನೋಡಿ ಎಡಗಡೆ ವೆರಿಕೋಸಿಲ್ ಇದೆ ಎಂದರು. ಒಬ್ಬರು ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ಸೀದಾ ಟೆಸ್ಟ್ ಟ್ಯೂಬ್ ಬೇಬಿ ಅನ್ನುತ್ತಾರೆ. ಜಿಮ್ಮಿಗೆ ಹೋಗುವ ಗೆಳೆಯ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋ, ಎರಡು ತಿಂಗಳಲ್ಲಿ ಸರಿಹೋಗುತ್ತದೆ ಅನ್ನುತ್ತಾನೆ. ಗುಟ್ಕಾ ಚಟ ಇದೆ. ನನ್ನ ರಿಪೋರ್ಟಿನ ವಿಷಯ ಅವ್ವನಿಗೆ ಹೇಳಿಲ್ಲ. ಅವ್ವ ದಿನಾ ಹೆಂಡತಿಗೇ ಅಂದು ಆಡುತ್ತಾಳೆ. ನನ್ನ ಗಂಡಸ್ತನಕ್ಕೇ ಏನಾದರೂ ಆಗಿದೆಯೇ? ಯಾವುದು ಮೊದಲು ಮಾಡಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಾಕ್ಯ ಓದಿ ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಹೆಂಡತಿಗೆ ನಾಲ್ಕು ವರ್ಷದಲ್ಲಿ ರಕ್ತ, ಸ್ಕ್ಯಾನಿಂಗ್, ನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್-ರೇ ಎಲ್ಲವೂ ಆಗಿರಬೇಕು. ನಿಮಗೆ ಒಂದು ಡಬ್ಬಿಯಲ್ಲಿ ವೀರ್ಯ ಕೊಡಿ ಎಂದು ಕೇಳಲು ನಾಲ್ಕು ವರ್ಷ ಬೇಕಾಯಿತು. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಕೆಲವೊಮ್ಮೆ ಅವನದೊಂದೇ ಇರುತ್ತದೆ, ಕೆಲವೊಮ್ಮೆ ಇಬ್ಬರದೂ ಸೇರಿರುತ್ತದೆ. ಎಲ್ಲಕ್ಕಿಂತ ಸುಲಭದ, ಅಗ್ಗದ, ನೋವಿಲ್ಲದ ಪರೀಕ್ಷೆಯೇ ಕಡೆಗೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಕೂತು ಹಾವೇರಿ, ಗದಗ, ನವಲಗುಂದ ಕಡೆಯಿಂದ ಬರುವ ಫೈಲುಗಳನ್ನು ನೋಡುತ್ತಿರುತ್ತೇನೆ. ಎರಡು ಇಂಚು ದಪ್ಪದ ಫೈಲು, ಎಲ್ಲವೂ ಹೆಂಡತಿಯದೇ!

ಇರಲಿ. ಮೊದಲು ನಿಮ್ಮ ರಿಪೋರ್ಟ್ ಓದೋಣ.

8 ಮಿಲಿಯನ್ ಅಂದರೆ ಒಂದು ಎಂಎಲ್‌ನಲ್ಲಿ 80 ಲಕ್ಷ ವೀರ್ಯಾಣು. 2.5 ಎಂಎಲ್ ಇರುವುದರಿಂದ ಒಟ್ಟು 2 ಕೋಟಿ. ಅದರಲ್ಲಿ 28 ಪರ್ಸೆಂಟ್ ಚಲಿಸುತ್ತಿವೆ, ಅಂದರೆ 56 ಲಕ್ಷ. ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ ಹೀಗಿದೆ: ಎಂಎಲ್‌ಗೆ 16 ಮಿಲಿಯನ್, ಒಟ್ಟು 39 ಮಿಲಿಯನ್, ಚಲನೆ 42 ಪರ್ಸೆಂಟ್, ಸರಿಯಾದ ಆಕಾರ 4 ಪರ್ಸೆಂಟ್. ಹೌದು, ನೂರರಲ್ಲಿ ನಾಲ್ಕು ಸಾಕು. 96 ಸೊಟ್ಟ ಇದ್ದರೂ ನಾರ್ಮಲ್ಲೇ. ಆಕಾರದ ಕಾಲಂ ನೋಡಿ ಅತ್ತವರನ್ನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಈ ಮಿತಿ ಎಸ್ಸೆಸ್ಸೆಲ್ಸಿಯ ಪಾಸ್ ಮಾರ್ಕ್ಸ್ ಇದ್ದಂತಲ್ಲ. ಒಂದು ವರ್ಷದೊಳಗೆ ತಾವಾಗಿಯೇ ಮಕ್ಕಳಾದ ಅಪ್ಪಂದಿರ ವೀರ್ಯ ಪರೀಕ್ಷಿಸಿ ಸಾಲಾಗಿ ಜೋಡಿಸಿದಾಗ, ತೀರಾ ಕೆಳಗಿನ ಐದು ಪರ್ಸೆಂಟಿನ ಗೆರೆ ಅದು. ಆ ಗೆರೆಯ ಕೆಳಗಿದ್ದೂ ಅಪ್ಪ ಆದವರಿದ್ದಾರೆ ಅಂತಾಯಿತು, ಅಲ್ವಾ? ನಿಮ್ಮದು ಕಡಿಮೆ ನಿಜ. ಬಾಗಿಲು ಮುಚ್ಚಿದೆ ಅನ್ನುವಷ್ಟಲ್ಲ.

ಇನ್ನೊಂದು ವಿಷಯ. ಒಂದೇ ರಿಪೋರ್ಟ್ ನಂಬಬೇಡಿ. ಒಬ್ಬನೇ ಮನುಷ್ಯನ ಕೌಂಟ್ ಈ ತಿಂಗಳು 8, ಮುಂದಿನ ತಿಂಗಳು 19 ಬರುವುದು ಅಪರೂಪವಲ್ಲ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೊಡಿ. ಅದಕ್ಕೆ ಮೊದಲು ಎರಡರಿಂದ ಏಳು ದಿನ ಸೇರದೆ ಇರಬೇಕು. ಹದಿನೈದು ದಿನ ಉಳಿಸಿದರೆ ಜಾಸ್ತಿ ಬರುತ್ತದೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಹಾಗೆ ಮಾಡಿದರೆ ಸಂಖ್ಯೆ ಏರಿದರೂ ಓಡಾಡದ, ಸತ್ತ ವೀರ್ಯಾಣು ತುಂಬಿರುತ್ತವೆ. ಮೊದಲು ಬೀಳುವ ಹನಿಗಳಲ್ಲೇ ವೀರ್ಯಾಣು ಜಾಸ್ತಿ. ಅವು ಡಬ್ಬಿಯ ಹೊರಗೆ ಬಿದ್ದಿದ್ದರೆ ಲ್ಯಾಬಿನವರಿಗೆ ಹೇಳಿ, ನಾಚಿಕೆ ಬೇಡ. ಸಾಧ್ಯವಾದರೆ ಲ್ಯಾಬಿನಲ್ಲೇ ಕೊಡಿ. ಮನೆಯಿಂದ ಒಯ್ಯುವುದಾದರೆ ಡಬ್ಬಿಯನ್ನು ಮೈಗೆ ತಾಗುವ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ಐಸ್ ಬೇಡ.

ಹಿಂದಿನ ಎರಡು-ಮೂರು ತಿಂಗಳಲ್ಲಿ ಡೆಂಗ್ಯೂ, ಟೈಫಾಯ್ಡ್, ಅಥವಾ ಮೈ ಸುಡುವ ಯಾವುದಾದರೂ ಜ್ವರ ಬಂದಿತ್ತೇ? ಬಂದಿದ್ದರೆ ಈ ರಿಪೋರ್ಟ್ ಆ ಜ್ವರದ್ದೂ ಇರಬಹುದು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ವೃಷಣದ ಹಿಂದಿನ ಸುರುಳಿ ನಳಿಕೆಯಲ್ಲಿ ಈಜು ಕಲಿಯಲು ಇನ್ನೊಂದೆರಡು ವಾರ. ಒಟ್ಟು ಮೂರು ತಿಂಗಳು. ಇವತ್ತಿನ ವೀರ್ಯ ಮೂರು ತಿಂಗಳ ಹಿಂದೆ ಬಿತ್ತಿದ ಬೆಳೆ. ಔಷಧಿಯಿರಲಿ, ಆಪರೇಷನ್ನಿರಲಿ, ಗುಟ್ಕಾ ಬಿಡುವುದಿರಲಿ, ಎಲ್ಲದರ ಫಲ ಕಾಣುವುದೂ ಮೂರು ತಿಂಗಳ ನಂತರವೇ. "ಹದಿನೈದು ದಿನದಲ್ಲಿ ಕೌಂಟ್ ಏರಿಸ್ತೀವಿ" ಎಂದು ಗೋಡೆ ಮೇಲೆ ಬರೆದವರಿಗೆ ಈ ಲೆಕ್ಕ ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಎಂದು ಅವರಿಗೆ ಗೊತ್ತಿದೆ.

ಈಗ ಗಂಡಸ್ತನದ ಮಾತು. ವೃಷಣಕ್ಕೆ ಎರಡು ಬೇರೆ ಬೇರೆ ಕೆಲಸ. ಒಂದು ಟೆಸ್ಟೋಸ್ಟೆರಾನ್ ತಯಾರಿಸುವುದು. ಮೀಸೆ, ಗಡಸು ದನಿ, ಆಸೆ, ನಿಮಿರುವಿಕೆ ಎಲ್ಲಕ್ಕೂ ಅದು ಬೇಕು. ಇನ್ನೊಂದು ವೀರ್ಯಾಣು ತಯಾರಿಸುವುದು. ಒಂದೇ ಹೊಲದಲ್ಲಿ ಎರಡು ಬೆಳೆ ಇದ್ದ ಹಾಗೆ. ಒಂದು ಸೊರಗಿದರೂ ಇನ್ನೊಂದು ಚೆನ್ನಾಗಿಯೇ ಇರಬಹುದು. ಹೊರಗೆ ಕಾಣುವ ವೀರ್ಯದಲ್ಲಿ ವೀರ್ಯಾಣುವಿನ ಪಾಲು ನೂರಕ್ಕೆ ಐದೂ ಇಲ್ಲ, ಉಳಿದದ್ದು ಬೇರೆ ಗ್ರಂಥಿಗಳ ರಸ. ಹೀಗಾಗಿ ಕೌಂಟ್ ಸೊನ್ನೆ ಇದ್ದವನಿಗೂ ನೋಡಲು, ಅನುಭವಕ್ಕೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. "ಎಲ್ಲಾ ಬರೋಬ್ಬರಿ ನಡದೈತ್ರಿ, ಕೌಂಟ್ ಹೆಂಗ ಕಮ್ಮಿ ಆತು?" ಎಂದು ಕೇಳುವವರಿಗೆ ಉತ್ತರ ಇದೇ. ನಿಮ್ಮ ಗಂಡಸ್ತನಕ್ಕೆ ಏನೂ ಆಗಿಲ್ಲ.

ಗೆಳೆಯನ ಇಂಜೆಕ್ಷನ್ ವಿಷಯಕ್ಕೆ ಬರೋಣ. ದಯವಿಟ್ಟು ಚುಚ್ಚಿಸಿಕೊಳ್ಳಬೇಡಿ. ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಟೆಸ್ಟೋಸ್ಟೆರಾನ್ ಗಂಡಸಿನ ಹಾರ್ಮೋನು, ಕೊಟ್ಟರೆ ವೀರ್ಯಾಣು ಹೆಚ್ಚುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆಗುವುದು ಉಲ್ಟಾ. ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿ ರಕ್ತದಲ್ಲಿ ಎಷ್ಟು ಟೆಸ್ಟೋಸ್ಟೆರಾನ್ ಇದೆ ಎಂದು ನೋಡುತ್ತಲೇ ಇರುತ್ತದೆ. ಹೊರಗಿನಿಂದ ಬಂದದ್ದನ್ನು ಕಂಡು "ಸಾಕಷ್ಟಿದೆ" ಎಂದುಕೊಳ್ಳುತ್ತದೆ. ವೃಷಣಕ್ಕೆ ಕೆಲಸ ಹೇಳುವ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ನಿಲ್ಲಿಸಿಬಿಡುತ್ತದೆ. ವೃಷಣ ಸಣ್ಣದಾಗುತ್ತದೆ, ಕೌಂಟ್ ಇಳಿಯುತ್ತದೆ, ಬಹಳ ಜನರಲ್ಲಿ ಸೊನ್ನೆಗೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟು ಹಲವು ದೇಶಗಳಲ್ಲಿ ಪರೀಕ್ಷೆ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಯಾವುದಕ್ಕೆ ಗೊತ್ತೇ? ಗಂಡಸರಿಗೆ ಮಕ್ಕಳಾಗದ ಹಾಗೆ ಮಾಡುವ ಔಷಧಿಯಾಗಿ! ಕೆಲಸವನ್ನೂ ಚೆನ್ನಾಗಿಯೇ ಮಾಡಿತು. ನಿಮ್ಮ ಗೆಳೆಯ ಕೊಡಿಸಲು ಹೊರಟಿದ್ದು ಅದೇ ಔಷಧಿಯನ್ನು. ನಿಲ್ಲಿಸಿದರೆ ಹೆಚ್ಚಿನವರಿಗೆ ಕೌಂಟ್ ವಾಪಸ್ ಬರುತ್ತದೆ, ಆದರೆ ಆರು ತಿಂಗಳಿಂದ ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಗೆಳೆಯನಿಗೆ ಮದುವೆಯಾಗಿಲ್ಲದಿದ್ದರೆ ಅವನಿಗೂ ಇದನ್ನು ಓದಲು ಕೊಡಿ.

ಇನ್ನು ವೆರಿಕೋಸಿಲ್. ನಮ್ಮ ಕಡೆ ಬೀಜದ ನರ ಉಬ್ಬಿದೆ ಅನ್ನುತ್ತಾರಲ್ಲ, ಅದು. ನರ ಅಂದರೂ ಅದು ರಕ್ತನಾಳವೇ. ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ನಾಳಗಳಲ್ಲಿ ರಕ್ತ ಹಿಂದಕ್ಕೆ ಬೀಳದಂತೆ ತಡೆಯುವ ಕವಾಟಗಳಿರುತ್ತವೆ. ಅವು ಸಡಿಲಾದರೆ ರಕ್ತ ಕೆಳಗೇ ನಿಲ್ಲುತ್ತದೆ, ನಾಳಗಳು ಉಬ್ಬಿ ಗಂಟು ಬೀಳುತ್ತವೆ. ಕೈಗೆ ಬೆಂದ ಶಾವಿಗೆ ಹಿಡಿದ ಹಾಗೆ ಸಿಗುತ್ತದೆ. ಎಡಗಡೆಯೇ ಯಾಕೆ ಎಂದರೆ, ಬಲಗಡೆಯ ನಾಳ ಸೀದಾ ದೊಡ್ಡ ನಾಳಕ್ಕೆ ಸೇರುತ್ತದೆ. ಎಡಗಡೆಯದು ಇನ್ನೂ ಮೇಲಕ್ಕೆ ಹತ್ತಿ ಕಿಡ್ನಿಯ ನಾಳಕ್ಕೆ ಅಡ್ಡ ಸೇರಬೇಕು. ದಾರಿ ಉದ್ದ, ತಿರುವು ಕಡಿದು. ಹೊಟ್ಟೆಯ ಬಿಸಿ ರಕ್ತ ಕೆಳಗೆ ನಿಂತು ವೃಷಣದ ತಂಪು ಕೆಡುತ್ತದೆ. ವೃಷಣ ಹೊಟ್ಟೆಯ ಹೊರಗೆ ಚೀಲದಲ್ಲಿ ಇರುವುದೇ ಮೈಗಿಂತ ಎರಡು-ಮೂರು ಡಿಗ್ರಿ ತಂಪಾಗಿರಲಿ ಎಂದು.

ಗಂಡಸರಲ್ಲಿ ನೂರಕ್ಕೆ ಸುಮಾರು 15 ಜನರಿಗೆ ವೆರಿಕೋಸಿಲ್ ಇರುತ್ತದೆ, ಅವರಲ್ಲಿ ಬಹಳ ಮಂದಿಗೆ ಮಕ್ಕಳೂ ಇರುತ್ತಾರೆ. ಮಕ್ಕಳಾಗದ ಗಂಡಸರನ್ನೇ ನೋಡಿದರೆ ನೂರಕ್ಕೆ 35-40 ಜನರಲ್ಲಿ ಸಿಗುತ್ತದೆ. ಅಂದರೆ ಇದ್ದವರಿಗೆಲ್ಲ ಆಪರೇಷನ್ ಬೇಡ. ಸ್ಕ್ಯಾನಿಂಗಿನಲ್ಲಿ ಮಾತ್ರ ಕಂಡು ಕೈಗೆ ಸಿಗದಿದ್ದರೆ ಬೇಡ. ವೀರ್ಯ ನಾರ್ಮಲ್ ಇದ್ದರೆ ಬೇಡ. ಕೈಗೆ ಸಿಗಬೇಕು, ವೀರ್ಯದಲ್ಲಿ ಕೊರತೆ ಇರಬೇಕು, ಮಕ್ಕಳಾಗದೆ ವರ್ಷವಾಗಿರಬೇಕು, ಹೆಂಡತಿಯ ಕಡೆ ದೊಡ್ಡ ತೊಂದರೆ ಇರಬಾರದು. ಆಗ ಮಾಡಿಸಿದರೆ ಉಪಯೋಗ. ಎರಡನೇ ರಿಪೋರ್ಟೂ ಕಡಿಮೆ ಬಂದರೆ ಈ ನಾಲ್ಕೂ ನಿಮಗೆ ಹೊಂದುತ್ತವೆ.

ಆಪರೇಷನ್ ದೊಡ್ಡದಲ್ಲ. ತೊಡೆಸಂದಿಯ ಹತ್ತಿರ ಒಂದಿಂಚು ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಉಬ್ಬಿದ ನಾಳಗಳನ್ನು ಒಂದೊಂದಾಗಿ ಕಟ್ಟುತ್ತಾರೆ. ಮೈಕ್ರೋಸ್ಕೋಪ್ ಯಾಕೆ ಎಂದು ಕೇಳಬೇಡಿ, ಇದೆಯೇ ಎಂದು ಕೇಳಿ. ಬರಿಗಣ್ಣಿನಲ್ಲಿ ಮಾಡಿದರೆ ಮತ್ತೆ ಉಬ್ಬುವುದು, ಚೀಲದಲ್ಲಿ ನೀರು ತುಂಬುವುದು ಜಾಸ್ತಿ. ಅದೇ ದಿನ ಅಥವಾ ಮರುದಿನ ಮನೆಗೆ. ಆದರೆ 15 ಕಿಲೋದ ಎಣ್ಣೆ ಡಬ್ಬಿ ಎತ್ತುವುದು ಮೂರು-ನಾಲ್ಕು ವಾರ ಬೇಡ. ಅಂಗಡಿಗೆ ಒಬ್ಬ ಹುಡುಗನನ್ನು ಈಗಲೇ ನೋಡಿಕೊಳ್ಳಿ. ಆಮೇಲೆ ಮೂರು ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಮತ್ತೊಮ್ಮೆ ವೀರ್ಯ ಪರೀಕ್ಷೆ. ಸುಮಾರು ಮೂರರಲ್ಲಿ ಎರಡು ಜನರಿಗೆ ರಿಪೋರ್ಟ್ ಸುಧಾರಿಸುತ್ತದೆ. ಸುಧಾರಿಸಿದವರೆಲ್ಲರಿಗೂ ಮಗು ಆಗುತ್ತದೆ ಎಂದಲ್ಲ. ಹಾಗೆ ಬರೆದುಕೊಡುವವರು ಸಿಕ್ಕರೆ ಎದ್ದು ಬನ್ನಿ.

ಮಾತ್ರೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಬರೆದೇ ಬರೆಯುತ್ತಾರೆ. ಝಿಂಕ್, ಫೋಲಿಕ್ ಆಸಿಡ್, ಇನ್ನೂ ಹತ್ತು ಹೆಸರು ಸೇರಿಸಿದ ದುಬಾರಿ ಪ್ಯಾಕೆಟ್ಟುಗಳಿವೆ. ಅಮೆರಿಕದಲ್ಲಿ 2,370 ಜೋಡಿಗಳನ್ನು ಸೇರಿಸಿ, ಅರ್ಧ ಗಂಡಸರಿಗೆ ಆರು ತಿಂಗಳು ಝಿಂಕ್ ಮತ್ತು ಫೋಲಿಕ್ ಆಸಿಡ್, ಉಳಿದರ್ಧಕ್ಕೆ ಬರೀ ಖಾಲಿ ಮಾತ್ರೆ ಕೊಟ್ಟು ನೋಡಿದರು. ಫಲಿತಾಂಶ ಬಂದದ್ದು 2020ರಲ್ಲಿ. ಹುಟ್ಟಿದ ಮಕ್ಕಳ ಪ್ರಮಾಣ ಎರಡೂ ಕಡೆ ಒಂದೇ. ಔಷಧಿ ತಗೊಂಡವರಿಗೆ ಹೊಟ್ಟೆ ಕೆಟ್ಟಿದ್ದು ಮಾತ್ರ ಜಾಸ್ತಿ. ನಾನೂ ಮೊದಲು ಬರೆಯುತ್ತಿದ್ದೆ, ಈಗ ಬಹಳ ಕಡಿಮೆ. ಹೆಸರೇ ಇಲ್ಲದ ಪುಡಿಗಳನ್ನಂತೂ ಮುಟ್ಟಬೇಡಿ. ಒಳಗೆ ಏನಿದೆ ಎಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ.

ಕೆಲಸ ಮಾಡುವ ಔಷಧಿಗಳೂ ಇವೆ, ಆದರೆ ಕಾರಣ ಹೊಂದಿದರೆ ಮಾತ್ರ. ಅದಕ್ಕೇ ರಕ್ತದಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್ ಮತ್ತು ಟೆಸ್ಟೋಸ್ಟೆರಾನ್ ನೋಡಬೇಕು. ಟೆಸ್ಟೋಸ್ಟೆರಾನಿಗೆ ಬೆಳಗ್ಗೆಯೇ ರಕ್ತ ಕೊಡಿ, ಮಧ್ಯಾಹ್ನಕ್ಕೆ ಅದು ಇಳಿಯುತ್ತದೆ. ಅದು ಕಡಿಮೆ ಬಂದ ಕೆಲವರಿಗೆ ಕ್ಲೋಮಿಫೀನ್ ಕೊಡುತ್ತಾರೆ. ಅದು ಹೆಂಗಸರಿಗೆ ಮೊಟ್ಟೆ ಬಿಡುಗಡೆಯಾಗಲಿ ಎಂದು ಬಂದ ಗುಳಿಗೆ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ ನಕ್ಕರೆ ಬೇಜಾರಾಗಬೇಡಿ. ಪಿಟ್ಯೂಟರಿಯೇ ಎಫ್‌ಎಸ್‌ಎಚ್, ಎಲ್‌ಎಚ್ ಕಳಿಸದ ಅಪರೂಪದ ಕಾಯಿಲೆಯೊಂದಿದೆ. ಗಡ್ಡ ಮೀಸೆ ಸರಿಯಾಗಿ ಬಂದಿರುವುದಿಲ್ಲ, ಕೌಂಟ್ ಸೊನ್ನೆ ಇರುತ್ತದೆ. ಆ ಹಾರ್ಮೋನುಗಳ ಕೆಲಸ ಮಾಡುವ ಇಂಜೆಕ್ಷನ್ನನ್ನು ವಾರಕ್ಕೆ ಎರಡು-ಮೂರು ಸಲ, ತಾಳ್ಮೆಯಿಂದ ಆರು ತಿಂಗಳಿಂದ ಎರಡು ವರ್ಷ ಕೊಟ್ಟರೆ ಹೆಚ್ಚಿನವರು ಸೊನ್ನೆಯಿಂದ ಎದ್ದು ಬರುತ್ತಾರೆ. ನನ್ನ ಕೆಲಸದಲ್ಲಿ ಇದಕ್ಕಿಂತ ಖುಷಿ ಕೊಡುವುದು ಬೇರೆ ಇಲ್ಲ.

ಕೌಂಟ್ ಸೊನ್ನೆ ಬಂದ ಬೇರೆ ಓದುಗರಿಗಾಗಿ ಎರಡು ಮಾತು. ಸೊನ್ನೆಯಲ್ಲಿ ಎರಡು ಜಾತಿ. ವೀರ್ಯಾಣು ತಯಾರಾಗುತ್ತಿದೆ, ದಾರಿ ಕಟ್ಟಿದೆ ಎನ್ನುವುದು ಒಂದು. ತಯಾರಿಯೇ ಕುಂಟಿದೆ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ವೃಷಣದ ಗಾತ್ರ, ಎಫ್‌ಎಸ್‌ಎಚ್ ಸರಿ ಇರುತ್ತವೆ, ಸೂಜಿ ಹಾಕಿ ವೀರ್ಯಾಣು ತೆಗೆಯಬಹುದು. ಎರಡನೆಯದರಲ್ಲಿ ಎಫ್‌ಎಸ್‌ಎಚ್ ಏರಿರುತ್ತದೆ, ವೃಷಣ ಸಣ್ಣದಿರುತ್ತದೆ. ದೊಡ್ಡವರಾದ ಮೇಲೆ ಬಂದ ಮಂಗನಬಾವು, ಚಿಕ್ಕಂದಿನಲ್ಲಿ ಬೀಜ ಕೆಳಗಿಳಿಯದೆ ಇದ್ದದ್ದು, ಕ್ರೋಮೋಸೋಮಿನ ದೋಷ, ಹೀಗೆ ಕಾರಣ ಹಲವು. ಅದರಲ್ಲೂ ಮೈಕ್ರೋಸ್ಕೋಪಿನಲ್ಲಿ ಹುಡುಕಿದರೆ ಸುಮಾರು ಅರ್ಧ ಜನರಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಸಿಗುತ್ತವೆ. ಕೌಂಟ್ 5 ಮಿಲಿಯನ್‌ಗಿಂತ ಕೆಳಗಿದ್ದವರು ಕ್ರೋಮೋಸೋಮ್ ಪರೀಕ್ಷೆ, ವೈ ಕ್ರೋಮೋಸೋಮಿನ ಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯಬೇಕು. ನಿಮಗೆ ಸದ್ಯಕ್ಕೆ ಬೇಡ.

ಗುಟ್ಕಾ ಇವತ್ತೇ ಬಿಡಿ. ತಂಬಾಕು ವೀರ್ಯಾಣುವಿನ ಸಂಖ್ಯೆಗೂ ಚಲನೆಗೂ ಕೆಟ್ಟದ್ದು. ಬಾಯಿ ಕ್ಯಾನ್ಸರಿನ ಮಾತು ಬೇರೆಯೇ ಇದೆ. ಬಾಣಲಿ ಬಿಡಿ ಎಂದು ಹೇಳುವುದಿಲ್ಲ. ಹೊಟ್ಟೆಪಾಡು ಅದು, ಮತ್ತೆ ಗದಗಿಗೆ ಬಂದರೆ ಬದನೆಕಾಯಿ ಬಜಿ ಬೇಕಲ್ಲ ನಮಗೂ. ಒಲೆ ಮತ್ತು ನಿಮ್ಮ ನಡುವೆ ಒಂದು ತಗಡಿನ ಮರೆ ಹಾಕಿಸಿ, ಗಂಟೆಗೊಮ್ಮೆ ಹತ್ತು ನಿಮಿಷ ಗಾಳಿಗೆ ಬನ್ನಿ, ಬಿಗಿ ಜೀನ್ಸ್ ಬದಲು ಸಡಿಲ ಹತ್ತಿ ಪ್ಯಾಂಟ್ ಹಾಕಿ. ಬ್ಯಾಡಗಿ, ಹಾವೇರಿ ಕಡೆ ಮೆಣಸಿನಕಾಯಿ, ಹತ್ತಿಗೆ ಔಷಧಿ ಹೊಡೆಯುವವರಿಗೂ ಇಂಥದ್ದೇ ಮಾತು: ಬರಿಗೈ ಬರಿಮೈಯಲ್ಲಿ ಹೊಡೆಯಬೇಡಿ.

ಇನ್ನೊಂದು, ಯಾರೂ ಕೇಳದ್ದು. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ, ಪಾತ್ರೆ ತೊಳೆದು, ಹನ್ನೊಂದೂವರೆಗೆ ಮನೆ ಸೇರುತ್ತೀರಿ. ತಿಂಗಳಲ್ಲಿ ಎಷ್ಟು ಸಲ ಸೇರುತ್ತೀರಿ? ಬಸಿರಾಗಲು ಸಾಧ್ಯ ಇರುವುದು ತಿಂಗಳಲ್ಲಿ ಆರೇ ದಿನ. ಮೊಟ್ಟೆ ಬಿಡುಗಡೆಯಾಗುವ ದಿನ, ಮತ್ತೆ ಅದರ ಹಿಂದಿನ ಐದು ದಿನ. 28 ದಿನಕ್ಕೆ ಮುಟ್ಟಾಗುವವರಿಗೆ ಇದು ಮುಟ್ಟಿನ ಮೊದಲ ದಿನದಿಂದ ಎಣಿಸಿ ಸುಮಾರು ಒಂಬತ್ತರಿಂದ ಹದಿನಾಲ್ಕನೇ ದಿನ. ಲೆಕ್ಕದ ತಲೆನೋವು ಬೇಡ ಅಂದರೆ ತಿಂಗಳಿಡೀ ಎರಡು-ಮೂರು ದಿನಕ್ಕೊಮ್ಮೆ ಸಾಕು. ಜಾರಲಿ ಎಂದು ಅಂಗಡಿಯ ಜೆಲ್ಲಾಗಲಿ ಉಗುಳಾಗಲಿ ಹಚ್ಚಬೇಡಿ, ವೀರ್ಯಾಣುಗಳ ಓಟ ಕಟ್ಟುತ್ತದೆ.

ಟೆಸ್ಟ್ ಟ್ಯೂಬ್ ಬೇಬಿ ಕೆಟ್ಟದ್ದಲ್ಲ. ಒಂದೇ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಮೊಟ್ಟೆಯೊಳಗೆ ಬಿಡುವ ಇಕ್ಸಿ ವಿಧಾನದಲ್ಲಿ ಮೊದಲ ಯಶಸ್ಸು ಪ್ರಕಟವಾದದ್ದು 1992ರಲ್ಲಿ, ಬೆಲ್ಜಿಯಮ್ಮಿನ ಬ್ರಸೆಲ್ಸಿನಿಂದ. ಅದಕ್ಕೆ ಮೊದಲು ತೀರಾ ಕಡಿಮೆ ಕೌಂಟಿನವರಿಗೆ ದಾನಿಯ ವೀರ್ಯ ಅಥವಾ ದತ್ತು ಬಿಟ್ಟರೆ ದಾರಿ ಇರಲಿಲ್ಲ. ಆದರೆ ಯೋಚಿಸಿ. ಕೊರತೆ ನಿಮ್ಮಲ್ಲಿ, ಹತ್ತು-ಹನ್ನೆರಡು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು, ಅರಿವಳಿಕೆ ತಗೊಂಡು ಮೊಟ್ಟೆ ತೆಗೆಸಿಕೊಳ್ಳುವುದು ನಿಮ್ಮ ಹೆಂಡತಿ. ಒಂದು ಸುತ್ತಿಗೆ ಲಕ್ಷದ ಮೇಲೆ ಖರ್ಚು, ಒಂದೇ ಸುತ್ತಿಗೆ ಆಗುತ್ತದೆ ಎಂಬ ಗ್ಯಾರಂಟಿ ಇಲ್ಲ. ರಿಪೇರಿ ಆಗುವ ಕಾರಣ ನಿಮ್ಮ ಕಡೆ ಇರುವಾಗ ಅದನ್ನು ಮೊದಲು ನೋಡುವುದು ನ್ಯಾಯ.

ನಡುವೆ ಇನ್ನೊಂದು ಮೆಟ್ಟಿಲಿದೆ, ಐಯುಐ. ವೀರ್ಯ ತೊಳೆದು ಚುರುಕಾದವನ್ನು ಆರಿಸಿ ಗರ್ಭಕೋಶಕ್ಕೆ ಬಿಡುವುದು. ಚಲಿಸುವ ವೀರ್ಯಾಣು ಕನಿಷ್ಠ 50 ಲಕ್ಷವಾದರೂ ಕೈಗೆ ಸಿಕ್ಕರೆ ಅದರಲ್ಲಿ ಅರ್ಥವಿದೆ. ನಿಮ್ಮ 56 ಲಕ್ಷ ತೊಳೆಯುವುದಕ್ಕೆ ಮೊದಲಿನ ಲೆಕ್ಕ, ತೊಳೆದಾಗ ಇನ್ನೂ ಇಳಿಯುತ್ತದೆ. ಈಗ ಬೇಡ. ಕೌಂಟ್ ಏರಿದ ಮೇಲೆ ಇದೇ ಸಾಕಾಗಬಹುದು.

ನಿಮ್ಮ ದೊಡ್ಡ ಬಲ ಹೆಂಡತಿಯ ವಯಸ್ಸು. 27. ಕಾಯಲು ಸಮಯ ಇದೆ. ಅವರಿಗೆ 37 ಆಗಿದ್ದರೆ ನಾನು ಇದೇ ರಿಪೋರ್ಟಿಗೆ ಬೇರೆ ಉತ್ತರ ಬರೆಯುತ್ತಿದ್ದೆ, ವೆರಿಕೋಸಿಲ್ ಬಿಟ್ಟು ಸೀದಾ ಇಕ್ಸಿ ಅನ್ನುತ್ತಿದ್ದೆನೇನೋ. ನಿಮಗೆ ಹೇಳುವ ಸಾಲು ಇಷ್ಟು: ಎರಡನೇ ವೀರ್ಯ ಪರೀಕ್ಷೆ ಮತ್ತು ರಕ್ತದ ಹಾರ್ಮೋನು ಪರೀಕ್ಷೆ. ಕೌಂಟ್ ಮತ್ತೆ ಕಡಿಮೆ ಬಂದರೆ ಯುರಾಲಜಿ ಡಾಕ್ಟರ ಹತ್ತಿರ ಆಪರೇಷನ್. ಆಮೇಲೆ ಒಂದು ವರ್ಷ ತಾವಾಗಿಯೇ ಪ್ರಯತ್ನ. ಆಗಲಿಲ್ಲ ಅಂದರೆ ಅವತ್ತಿನ ಕೌಂಟ್ ನೋಡಿ ಐಯುಐ ಅಥವಾ ಇಕ್ಸಿ. ಅಲ್ಲಿಗೂ ನಿಮ್ಮ ಹೆಂಡತಿಗೆ ಮೂವತ್ತು ದಾಟಿರುವುದಿಲ್ಲ. ಆ ಹಂತಕ್ಕೆ ಹೋದರೆ, ಇಂಥ ಚಿಕಿತ್ಸೆ ಕೊಡುವ ಕೇಂದ್ರಗಳಿಗೆಂದೇ ಇರುವ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾದ ಕೇಂದ್ರವೇ ಎಂದು ಕೇಳಿ ನೋಡಿ. ದಾನಿಯ ವೀರ್ಯದ ಮಾತು ಬಂದರೆ ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಇರಬೇಕು.

ಕೊನೆಗೆ ಅವ್ವ. ಅವರು ಸೊಸೆಗೆ ಅನ್ನುವುದು ಗೊತ್ತಿಲ್ಲದೆ. ನೀವು ಸುಮ್ನೆ ಕೇಳಿಸಿಕೊಳ್ಳುವುದು ಗೊತ್ತಿದ್ದು. ಇದನ್ನು ಮೂರು ತಿಂಗಳು ಮುಂದೂಡಲು ಯಾವ ಕಾರಣವೂ ಇಲ್ಲ. ಬಾಯಿ ಬರುವುದಿಲ್ಲ ಎಂದಾದರೆ ಮುಂದಿನ ಸಲ ತೋರಿಸಲು ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ, ಹೆಂಡತಿಯ ಪಕ್ಕದಲ್ಲಿ ಕೂರಿಸಿ. "ಇವರ ಮಗನ ರಿಪೋರ್ಟ್ ಇದು, ಸ್ವಲ್ಪ ಬಿಡಿಸಿ ಹೇಳಿ ಸರ್" ಎಂದು ಡಾಕ್ಟರ ಕೈಗೆ ಕೊಡಿ. ಇಂಥ ಕೆಲಸ ನಾವು ಎಷ್ಟೋ ಸಲ ಮಾಡಿಕೊಟ್ಟಿದ್ದೇವೆ.